ಸೂಳೆಕೆರೆಯಿಂದ ಮಾರಿಕಣಿವೆವರೆಗೆ: ಕೆರೆಯ ನೀರಿನ ಮಟ್ಟವನ್ನು ಉಪಗ್ರಹದಿಂದ ಅಳೆಯುವ ಸಮಗ್ರ ಮಾರ್ಗದರ್ಶಿ

ವಾಣಿವಿಲಾಸ ಸಾಗರದಲ್ಲಿ, ಅಂದರೆ ಮಾರಿಕಣಿವೆಯಲ್ಲಿ, ಇವತ್ತು ಎಷ್ಟು ಅಡಿ ನೀರಿದೆ ಎಂಬುದು ಬೆಳಗಿನ ಪತ್ರಿಕೆಯಲ್ಲೇ ಸಿಗುತ್ತದೆ. ಭದ್ರಾ ಜಲಾಶಯದ್ದೂ ಅಷ್ಟೆ. ಆದರೆ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕೊಂಡಜ್ಜಿ, ಭೀಮಸಮುದ್ರ, ರಾಣಿಕೆರೆ, ಜಗಳೂರು ಕೆರೆ ಇಂಥವುಗಳ ಕಳೆದ ಐದಾರು ವರ್ಷದ ಏರಿಳಿತ ಬೇಕೆಂದರೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಉಪಗ್ರಹದ ಆಲ್ಟಿಮೆಟ್ರಿ, ಅಂದರೆ ಆಕಾಶದಿಂದಲೇ ನೀರಿನ ಎತ್ತರ ಅಳೆಯುವ ವಿಧಾನ, ಕೈಗೆ ಬರುವುದು ಇಲ್ಲಿಯೇ. ದತ್ತಾಂಶಕ್ಕೆ ದುಡ್ಡು ಕೊಡಬೇಕಿಲ್ಲ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆ, ನಾಸಾದ ಅರ್ಥ್‌ಡೇಟಾ ತಾಣದಲ್ಲಿ ಒಂದು ಉಚಿತ ಖಾತೆ, ಯುರೋಪಿನ ಕೋಪರ್ನಿಕಸ್ ತಾಣದಲ್ಲಿ ಇನ್ನೊಂದು ಖಾತೆ ಇದ್ದರೆ ಸಾಕು.

ಕೆಲಸಕ್ಕೆ ಕೂರುವ ಮುನ್ನ ಒಂದು ಮಾತು. ಉಪಗ್ರಹ ತೋರಿಸುವ ಏರಿಳಿತವನ್ನು ನಂಬಬಹುದು. ಅದು ಕೊಡುವ ಒಟ್ಟು ಎತ್ತರವನ್ನು ಮಾತ್ರ ನೆಲದ ಮೇಲಿನ ಒಂದು ಗುರುತಿಗೆ ಕಟ್ಟಿಹಾಕದೆ ನಂಬಬೇಡಿ. ಅಂಥ ಗುರುತು ನಮ್ಮ ಪ್ರತಿ ಕೆರೆಯಲ್ಲೂ ಹಿಂದಿನವರೇ ಕಟ್ಟಿಟ್ಟಿದ್ದಾರೆ: ಕೋಡಿ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ತಾನಾಗಿಯೇ ತಪ್ಪುತ್ತದೆ.

ಅಳತೆಯ ಲೆಕ್ಕ

ಉಪಗ್ರಹ ಕೆಳಗೆ ಒಂದು ರೇಡಾರ್ ಅಲೆ ಅಥವಾ ಲೇಸರ್ ಮಿಡಿತ ಕಳಿಸುತ್ತದೆ. ಅದು ನೀರಿಗೆ ಬಡಿದು ವಾಪಸ್ ಬರಲು ಹಿಡಿದ ಸಮಯವನ್ನು ಬೆಳಕಿನ ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಉಪಗ್ರಹಕ್ಕೂ ನೀರಿಗೂ ಇರುವ ದೂರ ಬಂತು. ಒಂದು ಸೆಂಟಿಮೀಟರ್ ನಿಖರತೆ ಬೇಕಾದರೆ ಸಮಯವನ್ನು ಸುಮಾರು 67 ಪಿಕೋಸೆಕೆಂಡಿನ ಮಟ್ಟಕ್ಕೆ ಹಿಡಿಯಬೇಕು. ಅಷ್ಟು ಸೂಕ್ಷ್ಮ ಒಂದೇ ಅಲೆಗೆ ಸಾಧ್ಯವಿಲ್ಲ. ಹಾಗಾಗಿ ನೂರಾರು ಅಲೆಗಳ ಸರಾಸರಿ ತೆಗೆಯುತ್ತಾರೆ. ಉಪಗ್ರಹದ ಎತ್ತರದಿಂದ ಈ ದೂರವನ್ನು ಕಳೆದರೆ ನೀರಿನ ಎತ್ತರ ಸಿಗುತ್ತದೆ.

ಆದರೆ ದಾರಿಯಲ್ಲಿ ಗಾಳಿ ಇದೆ. ಒಣ ಗಾಳಿ ಅಲೆಯನ್ನು ನಿಧಾನಿಸುವುದರಿಂದ ದೂರ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ರೇಡಾರಿಗೆ ಈ ತಡ ಪ್ರತಿ ಹೆಕ್ಟೋಪಾಸ್ಕಲ್ ಒತ್ತಡಕ್ಕೆ ಸುಮಾರು 2.28 ಮಿಲಿಮೀಟರ್. ಸಮುದ್ರಮಟ್ಟದಲ್ಲಿ ಒಟ್ಟು 2.3 ಮೀಟರ್ ಆಗುತ್ತದೆ. ಸಮುದ್ರಮಟ್ಟದಿಂದ 600 ಮೀಟರ್ ಮೇಲಿರುವ ನಮ್ಮ ಬಯಲಿನಲ್ಲಿ ಒತ್ತಡ ಕಡಿಮೆ, ಹಾಗಾಗಿ ಸುಮಾರು 2.15 ಮೀಟರ್. ತಿದ್ದುಪಡಿಯನ್ನು ಸಮುದ್ರಮಟ್ಟಕ್ಕೆಂದು ಲೆಕ್ಕಹಾಕಿದ ಫೈಲನ್ನು ಹಾಗೇ ಬಳಸಿದರೆ 15 ಸೆಂಟಿಮೀಟರಿನಷ್ಟು ತಪ್ಪು ಮೊದಲ ಹೆಜ್ಜೆಯಲ್ಲೇ ಸೇರಿಕೊಳ್ಳುತ್ತದೆ. ಗಾಳಿಯ ತೇವದಿಂದಾಗುವ ತಡ ಬೇಸಿಗೆಗೂ ಮಳೆಗಾಲಕ್ಕೂ ಬೇರೆ ಬೇರೆ, ಶೂನ್ಯದಿಂದ 40 ಸೆಂಟಿಮೀಟರ್‌ವರೆಗೆ ಹೋಗಬಹುದು. ಇದರ ಮೇಲೆ ಅಯಾನುಗೋಳದ (ವಿದ್ಯುದಂಶ ತುಂಬಿದ ಮೇಲಿನ ವಾಯುಪದರದ) ತಡ, ಸೂರ್ಯಚಂದ್ರರ ಸೆಳೆತಕ್ಕೆ ಘನ ನೆಲವೇ ಏರಿ ಇಳಿಯುವ ಉಬ್ಬರ, ಧ್ರುವದ ಚಲನೆಯ ಉಬ್ಬರ ಇವೂ ಇವೆ.

ಫೈಲುಗಳಲ್ಲಿ ಗಾಳಿಯ ತಿದ್ದುಪಡಿಗಳು ಋಣ ಸಂಖ್ಯೆಯಾಗಿ ಇರುತ್ತವೆ, ಅಂದರೆ −2.15 ಎಂಬಂತೆ. ಅದನ್ನು ದೂರಕ್ಕೆ ಕೂಡಿಸಬೇಕು. "ತಿದ್ದುಪಡಿ ಅಂದಮೇಲೆ ಕಳೆಯೋದು ತಾನೆ" ಎಂದು ಕಳೆದರೆ ಕೆರೆ 4.3 ಮೀಟರ್ ಕೆಳಗಿಳಿದುಬಿಡುತ್ತದೆ. ಹೊಸಬರ ಗ್ರಾಫಿನಲ್ಲಿ ಎಲ್ಲ ಬಿಂದುಗಳೂ ಒಂದೇ ಸಮನೆ ನಾಲ್ಕು ಮೀಟರ್ ಕೆಳಗೆ ಕೂತಿದ್ದರೆ ಮೊದಲು ನೋಡಬೇಕಾದ ಜಾಗ ಇದೇ.

ಕೊನೆಯದು ಜಿಯಾಯ್ಡ್. ಉಪಗ್ರಹದ ಎತ್ತರವೆಲ್ಲ ಗಣಿತದ ಎಲಿಪ್ಸಾಯ್ಡ್, ಅಂದರೆ ಭೂಮಿಯ ನಯವಾದ ಚಪ್ಪಟೆ ಗೋಳದ ಮಾದರಿ, ಅದರ ಮೇಲಿಂದ ಎಣಿಸಿದ್ದು. ನಮಗೆ ಬೇಕಾದದ್ದು ಸಮುದ್ರಮಟ್ಟದಿಂದ; ಗುರುತ್ವದಿಂದ ಲೆಕ್ಕಹಾಕಿದ ಆ ಸಮುದ್ರಮಟ್ಟದ ಮೇಲ್ಮೈಯೇ ಜಿಯಾಯ್ಡ್. ದಕ್ಷಿಣ ಭಾರತ, ಶ್ರೀಲಂಕಾದ ಕೆಳಗಿರುವ ಹಿಂದೂ ಮಹಾಸಾಗರದ ದೊಡ್ಡ ಗುರುತ್ವ ತಗ್ಗಿನ ಅಂಚಿನಲ್ಲಿದೆ. ಹಾಗಾಗಿ ಕರ್ನಾಟಕದ ಈ ಭಾಗದಲ್ಲಿ ಜಿಯಾಯ್ಡ್ ಎಲಿಪ್ಸಾಯ್ಡಿಗಿಂತ 70ರಿಂದ 90 ಮೀಟರ್ ಕೆಳಗಿರುತ್ತದೆ. ವಾಣಿವಿಲಾಸ ಸಾಗರ ತುಂಬಿದಾಗ ಸಮುದ್ರಮಟ್ಟದಿಂದ ಸುಮಾರು 652 ಮೀಟರ್. ನಿಮ್ಮ ಲೆಕ್ಕದಲ್ಲಿ 570ರ ಆಸುಪಾಸು ಬಂದರೆ ಅಣೆಕಟ್ಟು ಒಡೆದಿಲ್ಲ, ಜಿಯಾಯ್ಡ್ ಕಳೆಯುವುದು ಮರೆತಿದೆ ಅಷ್ಟೆ. ಋಣ ಸಂಖ್ಯೆಯನ್ನು ಕಳೆಯುವುದು ಎಂದರೆ ಕೂಡುವುದು ಎಂಬುದೂ ನೆನಪಿರಲಿ.

ಯಾವ ಉಪಗ್ರಹ ನಮ್ಮ ಕೆರೆಯ ಮೇಲೆ ಹಾಯುತ್ತದೆ?

ಹಳೆಯ ಆಲ್ಟಿಮೀಟರುಗಳು ತಮ್ಮ ನೇರ ಕೆಳಗಿನ ಒಂದು ಗೆರೆಯನ್ನಷ್ಟೇ ನೋಡುತ್ತವೆ. ಆ ಗೆರೆ ಕೆರೆಯ ಮೇಲೆ ಬೀಳದಿದ್ದರೆ ಎಷ್ಟು ವರ್ಷದ ದತ್ತಾಂಶವಿದ್ದರೂ ಪ್ರಯೋಜನವಿಲ್ಲ. 1992ರ ಟೋಪೆಕ್ಸ್/ಪೊಸೈಡನ್‌ನಿಂದ ಹಿಡಿದು ಜೇಸನ್ ಸರಣಿ, 2020ರ ಸೆಂಟಿನೆಲ್-6ರವರೆಗೆ ಎಲ್ಲವೂ ಹತ್ತು ದಿನಕ್ಕೊಮ್ಮೆ ಅದೇ ಗೆರೆಗೆ ಮರಳುತ್ತವೆ. ಆದರೆ ನಮ್ಮ ಅಕ್ಷಾಂಶದಲ್ಲಿ ಪಕ್ಕಪಕ್ಕದ ಗೆರೆಗಳ ನಡುವೆ 300 ಕಿ.ಮೀ. ಮೀರಿದ ಅಂತರ. ಸೆಂಟಿನೆಲ್-3ರ ಎರಡು ಉಪಗ್ರಹಗಳನ್ನು ಸೇರಿಸಿದರೆ ಅಂತರ 50 ಕಿ.ಮೀ. ಆಸುಪಾಸಿಗೆ ಇಳಿಯುತ್ತದೆ, ದಾವಣಗೆರೆಯಿಂದ ಚಿತ್ರದುರ್ಗಕ್ಕಿಂತ ತುಸು ಕಡಿಮೆ. ಬೆಲೆಯಾಗಿ, ಮರಳಿ ಬರಲು 27 ದಿನ ಬೇಕು. ಇಸ್ರೋ ಮತ್ತು ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ ಸಿಎನ್‌ಇಎಸ್ ಜಂಟಿಯಾಗಿ 2013ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಹಾರಿಸಿದ ಸರಳ್ ಉಪಗ್ರಹ 35 ದಿನಕ್ಕೊಮ್ಮೆ ಒಂದೇ ಗೆರೆಯಲ್ಲಿ ಬರುತ್ತಿತ್ತು. 2016ರ ಜುಲೈನಿಂದ ಅದರ ಗೆರೆ ಸರಿಯುತ್ತ ಹೋಗುವುದರಿಂದ ಒಂದೇ ಕೆರೆಯ ಸರಣಿಗೆ ಅದು ಅಷ್ಟು ಒದಗುವುದಿಲ್ಲ.

ಆಟವನ್ನು ಬದಲಿಸಿದ್ದು 2022ರ ಡಿಸೆಂಬರ್ 16ರಂದು ಹಾರಿದ ಸ್ವಾಟ್ ಎಂಬ ಉಪಗ್ರಹ. ಹತ್ತು ಮೀಟರ್ ಉದ್ದದ ತೋಳಿನ ಎರಡು ತುದಿಯಲ್ಲಿ ಎರಡು ಆಂಟೆನಾ ಇಟ್ಟುಕೊಂಡು, ಎಡಬಲಕ್ಕೆ ತಲಾ 50 ಕಿ.ಮೀ. ಅಗಲದ ಪಟ್ಟಿಯನ್ನೇ ಅಳೆಯುತ್ತದೆ. ನೇರ ಕೆಳಗಿನ 20 ಕಿ.ಮೀ. ಮಾತ್ರ ಖಾಲಿ. ಸುಮಾರು 21 ದಿನದ ಚಕ್ರದಲ್ಲಿ ಬಹುತೇಕ ಪ್ರತಿ ಕೆರೆಯನ್ನೂ ಒಂದೆರಡು ಸಲ ನೋಡುತ್ತದೆ. 250 ಮೀಟರ್ ಉದ್ದ, 250 ಮೀಟರ್ ಅಗಲದ ಕೆರೆಯವರೆಗೆ ಗುರಿ ಇಟ್ಟುಕೊಂಡಿದೆ. ಒಂದು ಚದರ ಕಿ.ಮೀ.ಗಿಂತ ದೊಡ್ಡ ಕೆರೆಗೆ 10 ಸೆಂಟಿಮೀಟರ್, ಅದಕ್ಕಿಂತ ಚಿಕ್ಕದಕ್ಕೆ 25 ಸೆಂಟಿಮೀಟರ್ ನಿಖರತೆ ಎಂದು ಲೆಕ್ಕ. ಇನ್ನೊಂದು, 2018ರ ಸೆಪ್ಟೆಂಬರಿನಲ್ಲಿ ಹಾರಿದ ಐಸ್‌ಸ್ಯಾಟ್-2. ಹಸಿರು ಲೇಸರಿನ ಆರು ಕಿರಣ. ನಿಖರತೆಯಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಮೋಡ ಕವಿದರೆ ಕುರುಡು.

ನಮ್ಮ ಸಲಹೆ ನೇರ: 2023ರ ಜುಲೈನಿಂದೀಚಿಗೆ ಬೇಕಾದರೆ ಸ್ವಾಟ್‌ನಿಂದ ಶುರುಮಾಡಿ, ಅದನ್ನು ಒರೆಗೆ ಹಚ್ಚಲು ಐಸ್‌ಸ್ಯಾಟ್-2 ಬಳಸಿ. ಸೆಂಟಿನೆಲ್-3ರ ಗೆರೆ ನಿಮ್ಮ ಕೆರೆ ದಾಟುತ್ತಿದ್ದರೆ ಮಾತ್ರ 2016ರವರೆಗೆ ಹಿಂದಕ್ಕೆ ಹೋಗಿ. ಉಪಗ್ರಹದ ಗೆರೆಗಳ ನಕ್ಷೆಯಿರುವ ಕೆಎಂಎಲ್ ಫೈಲು ಇಳಿಸಿಕೊಂಡು ಗೂಗಲ್ ಅರ್ಥ್‌ನಲ್ಲಿ ತೆರೆದರೆ ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಹೆಜ್ಜೆ ಒಂದು: ಕೆರೆಯ ಅಂಚು ಗುರುತಿಸುವುದು

ನೆಲದ ಚಿತ್ರ ತೆಗೆಯುವ ಸೆಂಟಿನೆಲ್-2 ಉಪಗ್ರಹದ ಮೋಡವಿಲ್ಲದ ಚಿತ್ರ ತೆಗೆದುಕೊಳ್ಳಿ. ಹಸಿರು ಪಟ್ಟಿ, ಅಂದರೆ ಬ್ಯಾಂಡ್ 3, ಮತ್ತು ಸಮೀಪ ಅವಗೆಂಪು, ಅಂದರೆ ಬ್ಯಾಂಡ್ 8. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ. ಉತ್ತರ ಸೊನ್ನೆಗಿಂತ ಹೆಚ್ಚಿದ್ದ ಕಡೆ ನೀರು ಎಂದು ಶುರುಮಾಡಿ, ಕಣ್ಣಿನಿಂದ ನೋಡಿ ಹೊಂದಿಸಿ. ಕೆಮ್ಮಣ್ಣು ಕಲಕಿದ ಹೊಸ ನೀರಿನಲ್ಲಿ ಬ್ಯಾಂಡ್ 8ರ ಬದಲು ಬ್ಯಾಂಡ್ 11 (ಕಿರುಅಲೆಯ ಅವಗೆಂಪು) ಚೆನ್ನಾಗಿ ಕೆಲಸ ಮಾಡುತ್ತದೆ. ನಕ್ಷೆಯ ಪ್ರೊಜೆಕ್ಷನ್ ಯುಟಿಎಂ 43 ಉತ್ತರ ಇರಲಿ, ಇಪಿಎಸ್‌ಜಿ ಸಂಖ್ಯೆ 32643. ಎರಡೂ ಜಿಲ್ಲೆ ಅದರೊಳಗೇ ಬರುತ್ತವೆ.

ಒಂದೇ ಅಂಚನ್ನು ವರ್ಷಪೂರ್ತಿ ಬಳಸಬೇಡಿ. ಸೂಳೆಕೆರೆ ತುಂಬಿದಾಗ ಸುಮಾರು ಆರೂವರೆ ಸಾವಿರ ಎಕರೆ. ಬೇಸಿಗೆಯಲ್ಲಿ ಹಿನ್ನೀರಿನ ಕಡೆ ನೀರು ಬಲುದೂರ ಸರಿಯುತ್ತದೆ. ತುಂಬಿದ ಕೆರೆಯ ಅಂಚಿನೊಳಗೆ ಬಿದ್ದ ಏಪ್ರಿಲ್ ತಿಂಗಳ ಅಳತೆ ನೀರಿನದಲ್ಲ, ದನ ಮೇಯುವ ನೆಲದ್ದು. ಆಯಾ ಋತುವಿನ ಅಂಚು ಎಳೆದು, ಅದರಿಂದ ಒಳಕ್ಕೆ ಲೇಸರಿಗಾದರೆ 50 ಮೀಟರ್, ಸೆಂಟಿನೆಲ್-3ಕ್ಕಾದರೆ 300 ಮೀಟರ್ ಬಿಟ್ಟು ಕತ್ತರಿಸಿ. ಮಳೆಗಾಲದಲ್ಲಿ ಸೆಂಟಿನೆಲ್-2ಕ್ಕೆ ಮೋಡ ಅಡ್ಡ ಬಂದರೆ ಸೆಂಟಿನೆಲ್-1ರ ರೇಡಾರ್ ಚಿತ್ರದಲ್ಲಿ ನೀರು ಕಪ್ಪಾಗಿ ಕಾಣುತ್ತದೆ, ಅದರಿಂದ ಅಂಚು ಎಳೆಯಿರಿ.

ಭದ್ರಾ ಅಚ್ಚುಕಟ್ಟಿನಲ್ಲಿ ಮಾತ್ರ ಇದು ಸಲೀಸಲ್ಲ. ನಾಟಿಗೆ ನೀರು ಕಟ್ಟಿದ ಗದ್ದೆ ಉಪಗ್ರಹಕ್ಕೆ ಥೇಟ್ ಕೆರೆಯಂತೆಯೇ ಕಾಣುತ್ತದೆ. ಜನವರಿಯ ಬೇಸಿಗೆ ಬೆಳೆ, ಜುಲೈ–ಆಗಸ್ಟ್‌ನ ಮಳೆಗಾಲದ ಬೆಳೆ ಎರಡರ ನಾಟಿ ಹೊತ್ತಿನಲ್ಲೂ ಏರಿಯ ಕೆಳಗಿನ ಗದ್ದೆ ಕೆರೆಗೆ ಅಂಟಿಕೊಂಡು ವಿಸ್ತೀರ್ಣ ದಿಢೀರನೆ ಹೆಚ್ಚುತ್ತದೆ. ಏರಿಯ ಗೆರೆಯನ್ನು ಕೈಯಾರೆ ಎಳೆದು ಅದರಾಚೆಗಿನದ್ದನ್ನೆಲ್ಲ ಕಡಿದುಹಾಕಿ. ಇದಕ್ಕೆ ಬೇರೆ ಉಪಾಯವಿಲ್ಲ.

ಹೆಜ್ಜೆ ಎರಡು: ಸ್ವಾಟ್‌ನ ಕೆರೆ ಫೈಲು

ಅರ್ಥ್‌ಡೇಟಾದಲ್ಲಿ ಸ್ವಾಟ್‌ನ ಎರಡನೇ ಹಂತದ ಲೇಕ್‌ಎಸ್‌ಪಿ ಉತ್ಪನ್ನ ಹುಡುಕಿ. ಒಂದು ಹಾಯುವಿಕೆಗೆ, ಒಂದು ಖಂಡಕ್ಕೆ ಒಂದು ಫೈಲು. ನಮ್ಮದು ಏಷ್ಯಾ. ಪ್ರತಿಯೊಂದರಲ್ಲೂ ಮೂರು ಬಗೆ: ಅಬ್ಸರ್ವ್ಡ್, ಪ್ರಯರ್, ಅನ್‌ಅಸೈನ್ಡ್. ಮೊದಲೇ ಗುರುತಿಸಿದ ಕೆರೆಗಳ ಪಟ್ಟಿಗೆ ಹೊಂದಿಸಿ ಕೊಡುವ ಪ್ರಯರ್ ಬಗೆಯೇ ನಿಮಗೆ ಬೇಕಾದದ್ದು. ಪ್ರತಿ ಕೆರೆಗೂ ಹತ್ತಂಕಿಯ ಗುರುತು ಸಂಖ್ಯೆ ಇರುತ್ತದೆ. ಹೆಸರಿನಿಂದ ಹುಡುಕಲು ಹೋಗಬೇಡಿ, ನಮ್ಮ ಎಷ್ಟೋ ಕೆರೆಗೆ ಅಲ್ಲಿ ಹೆಸರೇ ಇಲ್ಲ. ಕ್ಯೂಜಿಐಎಸ್‌ನಲ್ಲಿ ಪದರ ತೆರೆದು, 14.1 ಉತ್ತರ, 75.9 ಪೂರ್ವದ ಬಳಿ ಸೂಳೆಕೆರೆಯ ಆಕಾರದ ಮೇಲೆ ಕ್ಲಿಕ್ ಮಾಡಿ ಸಂಖ್ಯೆ ಬರೆದುಕೊಳ್ಳಿ. ಮಾರಿಕಣಿವೆಯದು 13.9 ಉತ್ತರ, 76.5 ಪೂರ್ವದ ಬಳಿ. ಸಂಖ್ಯೆ ಸಿಕ್ಕ ಮೇಲೆ ನಾಸಾದ ಹೈಡ್ರೋಕ್ರಾನ್ ಸೇವೆಗೆ ಅದನ್ನು, ಬೇಕಾದ ದಿನಾಂಕಗಳನ್ನು ಕೊಟ್ಟರೆ ಇಡೀ ಸರಣಿ ಒಂದೇ ಕೋಷ್ಟಕವಾಗಿ ಬರುತ್ತದೆ. ನೂರಾರು ಫೈಲು ಇಳಿಸುವ ಗೋಜಿಲ್ಲ.

ಕಾಲಂಗಳಲ್ಲಿ ಮುಖ್ಯವಾದವು ಕೆಲವೇ. ಡಬ್ಲ್ಯುಎಸ್‌ಇ ಎಂದರೆ ನೀರಿನ ಮೇಲ್ಮೈಯ ಎತ್ತರ, ಮೀಟರಿನಲ್ಲಿ, ಇಜಿಎಂ2008 ಜಿಯಾಯ್ಡ್ ಮತ್ತು ಉಬ್ಬರದ ತಿದ್ದುಪಡಿಗಳೆಲ್ಲ ಮುಗಿದದ್ದು. ಇಲ್ಲಿ ಮತ್ತೆ ಜಿಯಾಯ್ಡ್ ಕಳೆದರೆ ಎರಡು ಸಲ ಕಳೆದಂತಾಗುತ್ತದೆ. ಡಬ್ಲ್ಯುಎಸ್‌ಇ-ಯು ಅದರ ಅನಿಶ್ಚಿತತೆ. ಕ್ವಾಲಿಟಿ-ಎಫ್ ಸೊನ್ನೆ ಇದ್ದರೆ ಒಳ್ಳೆಯದು, ಸಂಖ್ಯೆ ಏರಿದಷ್ಟೂ ಅನುಮಾನ. ಪಾರ್ಷಿಯಲ್-ಎಫ್ ಒಂದು ಇದ್ದರೆ ಕೆರೆಯ ಒಂದು ಭಾಗವಷ್ಟೇ ಉಪಗ್ರಹ ಅಳೆಯುವ ಪಟ್ಟಿಯೊಳಗೆ ಬಿದ್ದಿದೆ ಎಂದರ್ಥ. ಆಗ ಎತ್ತರವನ್ನು ಇಟ್ಟುಕೊಳ್ಳಬಹುದು, ವಿಸ್ತೀರ್ಣವನ್ನು ಬಿಡಬೇಕು. ಎಕ್ಸ್‌ಟ್ರ್ಯಾಕ್ ದೂರ, ಅಂದರೆ ಉಪಗ್ರಹದ ನೇರ ಕೆಳಗಿನ ಗೆರೆಯಿಂದ ಕೆರೆಗಿರುವ ದೂರ, 10ರಿಂದ 60 ಕಿ.ಮೀ. ನಡುವೆ ಇರಬೇಕು. ಅಳತೆ ಸಿಗದ ದಿನ −999999999999 ಎಂಬ ಸಂಖ್ಯೆ ಇರುತ್ತದೆ. ಅದನ್ನು ತೆಗೆಯದೆ ಸರಾಸರಿ ಹಾಕಿದವರು ಪಾತಾಳ ಕಂಡುಬರುತ್ತಾರೆ.

ಇವುಗಳಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಡಾರ್ಕ್-ಫ್ರ್ಯಾಕ್ ಎಂಬ ಕಾಲಂಗೆ. ಸ್ವಾಟ್ ಓರೆಯಾಗಿ ನೋಡುವುದರಿಂದ ನೀರಿನ ಮೇಲೆ ಒಂದಿಷ್ಟು ಕಿರುಅಲೆ ಇದ್ದರೇ ಅಲೆ ಹಿಂದಿರುಗುತ್ತದೆ. ಗಾಳಿ ನಿಂತು ಕೆರೆ ಕನ್ನಡಿಯಾದರೆ ರೇಡಾರ್ ಅಲೆ ಮುಂದಕ್ಕೆ ಜಾರಿಹೋಗಿ, ನೀರಿದ್ದೂ ಕತ್ತಲಾಗಿ ಕಾಣುತ್ತದೆ. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದ ಗಾಳಿಯಲ್ಲಿ ಚಿತ್ರದುರ್ಗದ ಬಯಲು ಕೆರೆಗಳಿಗೆ ಈ ತೊಂದರೆ ಕಡಿಮೆ. ಚಳಿಗಾಲದ ನಸುಕಿನಲ್ಲಿ, ಗುಡ್ಡದ ಮರೆಯಲ್ಲಿರುವ ಕೆರೆಗಳಲ್ಲಿ ಹೆಚ್ಚು. ಹೀಗೆ ಕತ್ತಲಾದ ನೀರಿನ ಪಾಲು (ಡಾರ್ಕ್-ಫ್ರ್ಯಾಕ್ ಎಂದರೆ ಇದೇ) 0.3 ದಾಟಿದ ದಿನದ ಅಳತೆಗೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ, 0.5 ದಾಟಿದರೆ ತೆಗೆದುಬಿಡಿ. ಈ ಮಿತಿ ಶಾಸನವಲ್ಲ, ನಿಮ್ಮ ಕೆರೆಗೆ ತಕ್ಕಂತೆ ಬದಲಿಸಬಹುದು. ಹಾಗೆಯೇ ನೀರುಹಯಸಿಂತು, ತಾವರೆ ಮುಚ್ಚಿದ ಕೆರೆಯಲ್ಲಿ ಎಲೆಯ ಎತ್ತರವೂ ನೀರಿನ ಲೆಕ್ಕಕ್ಕೆ ಸೇರುತ್ತದೆ.

ಮಾರಿಕಣಿವೆಯಲ್ಲಿ ಇನ್ನೊಂದು ತೊಡಕಿದೆ. ಓರೆ ನೋಟದಲ್ಲಿ ಗುಡ್ಡದ ನೆತ್ತಿಯೂ ಅದರ ಈಚೆಗಿನ, ಉಪಗ್ರಹದ ಕಡೆಗಿನ, ನೀರೂ ಉಪಗ್ರಹದಿಂದ ಒಂದೇ ದೂರದಲ್ಲಿದ್ದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಅಣೆಕಟ್ಟಿರುವ ಕಣಿವೆಯ ಇಕ್ಕಟ್ಟಿನಲ್ಲಿ ಇದು ಜಾಸ್ತಿ, ಅಗಲ ಹಿನ್ನೀರಿನಲ್ಲಿ ಕಡಿಮೆ. ಉತ್ತರಕ್ಕೆ ಏರುವ ಹಾಯುವಿಕೆ, ದಕ್ಷಿಣಕ್ಕೆ ಇಳಿಯುವ ಹಾಯುವಿಕೆ ಎರಡನ್ನೂ ಬೇರೆ ಬಣ್ಣದಲ್ಲಿ ಗುರುತಿಸಿ ನೋಡಿ. ಒಂದು ಬಣ್ಣ ಸದಾ ಮೇಲೆ, ಇನ್ನೊಂದು ಸದಾ ಕೆಳಗೆ ಇದ್ದರೆ ಅದು ನೀರಿನ ಏರಿಳಿತವಲ್ಲ. ಗುಡ್ಡದ ನೆರಳಾಟವೋ ಉಪಗ್ರಹದ ಓಲಾಟದ ಉಳಿಕೆಯೋ ಇರಬೇಕು. ಪ್ರತಿ ಹಾಯುವಿಕೆಯ ಸರಾಸರಿ ಅಂತರ ಕಂಡುಹಿಡಿದು ಒಂದಕ್ಕೊಂದು ಹೊಂದಿಸಿ.

ಹೆಜ್ಜೆ ಮೂರು: ಲೇಸರಿನಿಂದ ಒರೆಗೆ ಹಚ್ಚುವುದು

ಐಸ್‌ಸ್ಯಾಟ್-2ರ ಒಳನಾಡಿನ ನೀರಿನ ಉತ್ಪನ್ನದ ಹೆಸರು ಎಟಿಎಲ್13. ಮರಳಿ ಬಂದ ಫೋಟಾನುಗಳನ್ನೇ (ಬೆಳಕಿನ ಒಂದೊಂದು ಕಣವನ್ನೇ) ನೋಡಬೇಕೆಂದರೆ ಎಟಿಎಲ್03. ಪೈಥಾನಿನ ಐಸ್‌ಪಿಕ್ಸ್ ಪ್ಯಾಕೇಜಿಗೆ ಕೆರೆಯ ಸುತ್ತಲಿನ ಚೌಕ ಮತ್ತು ದಿನಾಂಕ ಕೊಟ್ಟರೆ ಅಷ್ಟನ್ನೇ ಕತ್ತರಿಸಿ ತರುತ್ತದೆ.

ಆರು ಕಿರಣಗಳು ಮೂರು ಜೋಡಿ. ಜೋಡಿಗಳ ನಡುವೆ 3.3 ಕಿ.ಮೀ., ಜೋಡಿಯೊಳಗೆ 90 ಮೀಟರ್. ಪ್ರತಿ ಜೋಡಿಯಲ್ಲೂ ಒಂದು ಬಲವಾದ ಕಿರಣ, ಇನ್ನೊಂದು ಅದರ ಕಾಲು ಭಾಗ ಶಕ್ತಿಯದು. ಬಲವಾದದ್ದು ಎಡಗಡೆಯದೋ ಬಲಗಡೆಯದೋ ಎಂಬುದು ಉಪಗ್ರಹ ಆ ಹೊತ್ತು ಯಾವ ಕಡೆ ಮುಖ ಮಾಡಿದೆ ಎಂಬುದರ ಮೇಲೆ. ಫೈಲಿನ ಎಸ್‌ಸಿ-ಓರಿಯೆಂಟ್ ಸೊನ್ನೆಯಾದರೆ ಎಡಗಡೆಯವು ಬಲವಾದವು, ಒಂದಾದರೆ ಬಲಗಡೆಯವು. ಎರಡು ಎಂದಿದ್ದರೆ ಉಪಗ್ರಹ ತಿರುಗುತ್ತಿದೆ, ಆ ಫೈಲನ್ನು ಮುಟ್ಟಬೇಡಿ. ಚಿಕ್ಕ ಕೆರೆಗೆ ಬಲವಾದ ಕಿರಣ ಮಾತ್ರ ಬಳಸಿ.

ಕಿರಣದ ಉದ್ದಕ್ಕೂ ಸುಮಾರು 70 ಸೆಂಟಿಮೀಟರಿಗೊಂದು ಮಿಡಿತ ಬೀಳುತ್ತದೆ. ಫೋಟಾನುಗಳನ್ನು ಗ್ರಾಫಿನಲ್ಲಿ ಹಾಕಿದರೆ ಏರಿಯ ಗುಬ್ಬು, ಅದರ ಹಿಂದೆ ನೂಲು ಹಿಡಿದಂತೆ ನೆಟ್ಟಗಿನ ನೀರಿನ ಗೆರೆ, ಆಚೆ ದಡದಲ್ಲಿ ಅಡಿಕೆ ತೋಟದ ನೆತ್ತಿ ಮತ್ತು ಬುಡ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಚನ್ನಗಿರಿ ಕಡೆ ಇದನ್ನು ಮೊದಲ ಸಲ ನೋಡಿದವರು ನೀರಿನ ಕೆಲಸ ಬಿಟ್ಟು ತೋಟ ಎಣಿಸಲು ಶುರುಮಾಡಿದರೆ ಅಚ್ಚರಿಯಿಲ್ಲ.

ನೀರಿನ ಗೆರೆಯ ಕೆಳಗೂ ಚದುರಿದ ಚುಕ್ಕೆ ಇರುತ್ತವೆ. ಹಸಿರು ಬೆಳಕು ನೀರಿನೊಳಕ್ಕೆ ಹೋಗಿ ಮಣ್ಣಿನ ಕಣಕ್ಕೆ ಬಡಿದು ಬಂದದ್ದು ಅದು. ಎಲ್ಲವನ್ನೂ ಸೇರಿಸಿ ಸರಾಸರಿ ಮಾಡಿದರೆ ಮಟ್ಟ ಕೆಳಕ್ಕೆ ಎಳೆಯುತ್ತದೆ. ಹತ್ತು ಸೆಂಟಿಮೀಟರಿನ ಪಟ್ಟಿಗಳಲ್ಲಿ ಎಣಿಸಿ, ಅತಿ ದಟ್ಟವಾದ ಪಟ್ಟಿಯನ್ನು ನೀರಿನ ಮೇಲ್ಮೈ ಎಂದು ಹಿಡಿಯಿರಿ. ಕೆರೆ ಕನ್ನಡಿಯಂತಿದ್ದ ದಿನ ಬೆಳಕು ಅತಿಯಾಗಿ ಮರಳಿ ಉಪಗ್ರಹದ ಬೆಳಕು ಹಿಡಿಯುವ ಸಾಧನ ತುಂಬಿಹೋಗುತ್ತದೆ. ಆಗ ಸುಮಾರು ಅರ್ಧ ಮೀಟರ್ ಕೆಳಗೆ ಇನ್ನೊಂದು ಸುಳ್ಳು ಗೆರೆ ಮೂಡುತ್ತದೆ. ಅದನ್ನು ಕೆರೆಯ ತಳ ಎಂದು ತಿಳಿಯಬೇಡಿ. ತಳವಾದರೆ ದಡದ ಕಡೆ ಮೇಲೇರಬೇಕು, ಈ ಗೆರೆ ನೀರಿಗೆ ಸಮಾನಾಂತರವಾಗಿಯೇ ಇರುತ್ತದೆ.

ಎಟಿಎಲ್13ರಲ್ಲಿ ಎಲಿಪ್ಸಾಯ್ಡ್ ಎತ್ತರ, ಜಿಯಾಯ್ಡ್ ಕಳೆದ ಎತ್ತರ ಎರಡೂ ಬೇರೆ ಕಾಲಂನಲ್ಲಿವೆ. ಎರಡನೆಯದನ್ನು ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದಿಂದಾಗಿ ಹೆಚ್ಚೇನೂ ಸಿಗುವುದಿಲ್ಲ. ಈ ಕೊರತೆಗೆ ಮದ್ದಿಲ್ಲ.

ಸೆಂಟಿನೆಲ್-3ರಲ್ಲಿ ಎಡವುವ ಜಾಗ

ಇದರ ರೇಡಾರ್ ನೇರ ಕೆಳಗೆ ನೋಡುತ್ತದೆ, 300 ಮೀಟರಿಗೊಂದು ಅಳತೆ. ಸಾಗರದ ಅಲೆಗೆಂದು ಮಾಡಿದ ರೀಟ್ರ್ಯಾಕರಿನ (ಪ್ರತಿಧ್ವನಿಯ ಆಕಾರದಿಂದ ದೂರ ಲೆಕ್ಕಹಾಕುವ ವಿಧಾನದ) ಎತ್ತರ ಕೆರೆಗೆ ಒಗ್ಗುವುದಿಲ್ಲ, ಓಸಿಒಜಿ ಎಂಬುದರ ಕಾಲಂ ಬಳಸಿ. ಒಳನಾಡಿನ ನೀರಿಗೆಂದೇ ತಯಾರಿಸಿದ ಜಲವಿಜ್ಞಾನ ಉತ್ಪನ್ನವೂ ಸಿಗುತ್ತದೆ, ಅದೇ ಒಳ್ಳೆಯದು.

ಉಪಗ್ರಹ ನೆಲದಿಂದ ಬರುವ ಪ್ರತಿಧ್ವನಿಗೆ ಸುಮಾರು 60 ಮೀಟರ್ ಎತ್ತರದ ಕಿಟಕಿಯನ್ನಷ್ಟೇ ತೆರೆದಿರುತ್ತದೆ. ಎಲ್ಲಿ ಎಷ್ಟು ಎತ್ತರಕ್ಕೆ ತೆರೆಯಬೇಕೆಂಬ ಕೋಷ್ಟಕ ಅದರಲ್ಲೇ ಇದೆ. ಕೋಷ್ಟಕದಲ್ಲಿ ಆ ಜಾಗದ ಎತ್ತರ ತಪ್ಪಿದ್ದರೆ ಕಿಟಕಿ ಗುಡ್ಡದ ಕಡೆ ತೆರೆದುಕೊಂಡು, ಕೆಳಗಿನ ಕೆರೆ ಕಾಣುವುದೇ ಇಲ್ಲ. ನಿಮ್ಮ ಸಂಸ್ಕರಣೆಯಿಂದ ಇದನ್ನು ಸರಿಪಡಿಸಲು ಆಗದು.

ಇನ್ನೊಂದನ್ನು ಸರಿಪಡಿಸಬಹುದು. ಗೆರೆ ಕೆರೆಯ ಮೇಲಲ್ಲದೆ ಪಕ್ಕದಲ್ಲಿ ಹೋದರೂ, ಹೊಳೆಯುವ ನೀರಿನ ಪ್ರತಿಧ್ವನಿ ಓರೆಯಾಗಿ ಬಂದು ಸೇರುತ್ತದೆ. ದೂರ ಹೆಚ್ಚಾಗಿ ಕಾಣುವುದರಿಂದ ಕೆರೆ ತಗ್ಗಿನಲ್ಲಿದ್ದಂತೆ ತೋರುತ್ತದೆ. ಎಷ್ಟು ತಗ್ಗು ಎಂದರೆ, ಪಕ್ಕಕ್ಕಿರುವ ದೂರದ ವರ್ಗವನ್ನು ಉಪಗ್ರಹದ ಎತ್ತರದ ಎರಡರಷ್ಟರಿಂದ ಭಾಗಿಸಿದಷ್ಟು. 814 ಕಿ.ಮೀ. ಎತ್ತರದಿಂದ, 1 ಕಿ.ಮೀ. ಪಕ್ಕಕ್ಕಿದ್ದರೆ 61 ಸೆಂಟಿಮೀಟರ್. 3 ಕಿ.ಮೀ. ಇದ್ದರೆ ಐದೂವರೆ ಮೀಟರ್. ಹಾಯುತ್ತ ಹೋದಂತೆ ಇದು ಬೋರಲು ಬಟ್ಟಲಿನ ಆಕಾರದ ವಕ್ರರೇಖೆಯಾಗಿ ಮೂಡುತ್ತದೆ. ಗೆರೆ ಕೆರೆಯನ್ನು ನಿಜವಾಗಿ ದಾಟುತ್ತಿದ್ದರೆ ವಕ್ರರೇಖೆಯ ನೆತ್ತಿಯೇ ಸರಿಯಾದ ಮಟ್ಟ. ದಾಟದೆ ಪಕ್ಕದಲ್ಲೇ ಹೋಗುತ್ತಿದ್ದರೆ ನೆತ್ತಿಗೂ ಮೇಲಿನ ಲೆಕ್ಕದ ತಿದ್ದುಪಡಿ ಕೂಡಿಸಬೇಕು.

ಹೆಜ್ಜೆ ನಾಲ್ಕು: ಕಸ ತೆಗೆಯುವುದು

ಒಂದು ಹಾಯುವಿಕೆಯಲ್ಲಿ ಸಿಕ್ಕ ಎತ್ತರಗಳು ಹೀಗಿವೆ ಎಂದುಕೊಳ್ಳಿ (ಲೆಕ್ಕ ತೋರಿಸಲು ಮಾಡಿಕೊಂಡ ಸಂಖ್ಯೆಗಳು): 641.32, 641.29, 641.35, 641.31, 643.90, 641.30. ಸರಾಸರಿ 641.745. ಒಂದೇ ಒಂದು ಕೆಟ್ಟ ಬಿಂದು, ಬಹುಶಃ ದಡದ ಜಾಲಿಮರ, ಇಡೀ ಕೆರೆಯನ್ನು 43 ಸೆಂಟಿಮೀಟರ್ ಮೇಲೆತ್ತಿತು. ಅಂದರೆ ಒಂದು ಅಡಿ ಐದಂಗುಲ. ಸರಾಸರಿ ಬಿಟ್ಟು ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಸಂಖ್ಯೆ, ತೆಗೆದರೆ 641.315. ಪ್ರತಿ ಬಿಂದು ಮಧ್ಯಾಂಕದಿಂದ ಎಷ್ಟು ದೂರವಿದೆ ನೋಡಿ, ಆ ದೂರಗಳ ಮಧ್ಯಾಂಕ 0.02. ಅದನ್ನು 1.4826ರಿಂದ (ಮಾನಕ ವಿಚಲನೆಗೆ ಹೊಂದಿಸುವ ಅಂಕಿ), ಮತ್ತೆ 3ರಿಂದ ಗುಣಿಸಿದರೆ 0.089. ಮಧ್ಯಾಂಕದಿಂದ ಅದಕ್ಕಿಂತ ಆಚೆ ಇರುವುದನ್ನು ತೆಗೆಯಿರಿ. 643.90 ಹೋಯಿತು, ಉಳಿದವು ಉಳಿದವು. ಐದಕ್ಕಿಂತ ಕಡಿಮೆ ಬಿಂದು ಉಳಿದ ದಿನವನ್ನು ಸರಣಿಗೆ ಸೇರಿಸದಿರುವುದೇ ಮೇಲು.

ದಿನಗಳ ನಡುವೆ ಇದೇ ಕತ್ತರಿಯನ್ನು ಕಣ್ಣುಮುಚ್ಚಿ ಆಡಿಸಬೇಡಿ. ಮಳೆಯಿಲ್ಲದ ತಿಂಗಳಲ್ಲಿ ಕೆರೆ ಏರಿತೆಂದರೆ ಅದು ತಪ್ಪೇ ಆಗಬೇಕಿಲ್ಲ. ಜಗಳೂರು ತಾಲೂಕಿನ ಕೆರೆಗಳಿಗೆ ತುಂಗಭದ್ರೆಯಿಂದ ನೀರೆತ್ತಿ ಬಿಡುತ್ತಾರೆ. ವಾಣಿವಿಲಾಸಕ್ಕೆ ಭದ್ರಾ ಮೇಲ್ದಂಡೆಯ ನೀರು ಬರುತ್ತದೆ. ಪಂಪು ಯಾವಾಗ ಓಡಿತು ಎಂಬುದನ್ನು ನೀರುಗಂಟಿಯನ್ನು ಕೇಳಿ ಆಮೇಲೆ ತೀರ್ಮಾನಿಸಿ.

ಹೆಜ್ಜೆ ಐದು: ಕೋಡಿಗೆ ಕಟ್ಟುವುದು

ಬೇರೆ ಬೇರೆ ಉಪಗ್ರಹದ ಅಳತೆಗಳನ್ನು ಹಾಗೆಯೇ ಒಂದೇ ಗ್ರಾಫಿಗೆ ಸುರಿದರೆ ಮೆಟ್ಟಿಲು ಮೂಡುತ್ತದೆ. ಜೇಸನ್ ಸರಣಿಯ ಎಲಿಪ್ಸಾಯ್ಡ್, ಡಬ್ಲ್ಯುಜಿಎಸ್84 ಎಲಿಪ್ಸಾಯ್ಡ್ ಎರಡರ ನಡುವೆಯೇ 70 ಸೆಂಟಿಮೀಟರ್ ವ್ಯತ್ಯಾಸ. ಜಿಯಾಯ್ಡ್ ಮಾದರಿ ಬೇರೆಯಾದರೆ ಇನ್ನಷ್ಟು. ಇದರ ಮೇಲೆ ನಮ್ಮ ಸರ್ವೆ ಆಫ್ ಇಂಡಿಯಾದ ಸಮುದ್ರಮಟ್ಟವೂ ಇಜಿಎಂ2008ರ ಸೊನ್ನೆಯೂ ಒಂದೇ ಅಲ್ಲ. ಆದ್ದರಿಂದ ಉಪಗ್ರಹದ 652.10ನ್ನು ಅಣೆಕಟ್ಟಿನ ಕಡತದ 652.10ಕ್ಕೆ ಸಮ ಎನ್ನುವಂತಿಲ್ಲ.

ಗೇಜ್, ಅಂದರೆ ನೀರಿನ ಮಟ್ಟ ಓದುವ ಅಳತೆಪಟ್ಟಿ, ಅದರ ದಾಖಲೆ ಇರುವ ಕಡೆ ದಾರಿ ಸುಲಭ. ವಾಣಿವಿಲಾಸದ ಗೇಜು ಅಡಿಯಲ್ಲಿದೆ, ಪೂರ್ಣ ಮಟ್ಟ 130 ಅಡಿ. 0.3048ರಿಂದ ಗುಣಿಸಿ ಮೀಟರು ಮಾಡಿ. ಉಪಗ್ರಹದ ಸಮಯ ಯುಟಿಸಿ ಎಂಬ ವಿಶ್ವ ಸಮಯದಲ್ಲಿರುತ್ತದೆ, ಐದೂವರೆ ಗಂಟೆ ಕೂಡಿಸಿ. ಗೇಜು ಓದುವುದು ಬೆಳಿಗ್ಗೆ, ಉಪಗ್ರಹ ಹಾಯ್ದದ್ದು ರಾತ್ರಿಯಾದರೆ ಎರಡು ದಿನದ ಗೇಜಿನ ನಡುವೆ ಗೆರೆ ಎಳೆದು ಆ ಹೊತ್ತಿನ ಮಟ್ಟ ತೆಗೆಯಿರಿ. ವೇದಾವತಿಗೆ ಹೊಸ ನೀರು ಬರುವಾಗ ಇದು ಮುಖ್ಯ. ಈಗ ಗೇಜನ್ನು ಅಡ್ಡಕ್ಕೆ, ಉಪಗ್ರಹವನ್ನು ಉದ್ದಕ್ಕೆ ಇಟ್ಟು ಗೆರೆ ಹೊಂದಿಸಿ. ಇಳಿಜಾರು 1ರ ಬಳಿ ಇರಬೇಕು. 0.3 ಬಂದರೆ ಅಡಿಯನ್ನು ಮೀಟರ್ ಮಾಡಿಲ್ಲ. 0.8 ಬಂದರೆ ಬೇಸಿಗೆಯಲ್ಲಿ ನೆಲ ಸೇರಿಕೊಳ್ಳುತ್ತಿದೆ, ಅಂಚು ಮತ್ತೆ ಎಳೆಯಿರಿ. ಇಳಿಜಾರು ಸರಿಯಿದ್ದರೆ ವ್ಯತ್ಯಾಸಗಳ ಮಧ್ಯಾಂಕವೇ ನಿಮ್ಮ ತಿದ್ದುಪಡಿ ಅಂಕಿ. ಪ್ರತಿ ಉಪಗ್ರಹಕ್ಕೂ ಬೇರೆ ಬೇರೆಯಾಗಿ ತೆಗೆಯಿರಿ.

ಗೇಜೇ ಇಲ್ಲದ ಕೆರೆಗೆ ಕೋಡಿ ಸಾಕು. ಕೆರೆ ಕೋಡಿ ಬಿದ್ದಾಗ ನೀರು ಕಲ್ಲಿನ ಆ ಮಟ್ಟದಲ್ಲಿದೆ, ಹರಿಯುವಷ್ಟು ದಿನವೂ ಗ್ರಾಫು ಹೆಚ್ಚುಕಡಿಮೆ ಚಪ್ಪಟೆಯಾಗುತ್ತದೆ. ಊರಿನಲ್ಲಿ ಬಾಗಿನ ಬಿಟ್ಟ ದಿನಾಂಕ ಯಾರಿಗಾದರೂ ನೆನಪಿರುತ್ತದೆ, ಇಲ್ಲವೇ ಪತ್ರಿಕೆಯಲ್ಲಿ ಚಿತ್ರ ಬಂದಿರುತ್ತದೆ. 1933ರ ನಂತರ ವಾಣಿವಿಲಾಸ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಅದು ಲೇಸರಿನ ಕಾಲದ್ದು. ಮತ್ತೆ 2025ರ ಜನವರಿಯಲ್ಲಿ ಬಿತ್ತು, ಅದು ಸ್ವಾಟ್‌ನ ಕಾಲದ್ದು. ಎರಡೂ ಉಪಗ್ರಹವನ್ನು ಒಂದೇ ಕಲ್ಲಿಗೆ ಕಟ್ಟಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಡ. ಒಂದು ಎಚ್ಚರ: ಭರ್ಜರಿ ಒಳಹರಿವಿನಲ್ಲಿ ನೀರು ಕೋಡಿಯ ಮೇಲೆ ಗಣನೀಯ ಎತ್ತರಕ್ಕೆ ನಿಂತಿರುತ್ತದೆ. ಹರಿವು ತೆಳುವಾಗಿ, ನಿಲ್ಲುವ ಹಂತಕ್ಕೆ ಬಂದ ದಿನಗಳ ಅಳತೆಯನ್ನೇ ಕೋಡಿ ಮಟ್ಟವೆಂದು ಹಿಡಿಯಿರಿ. ಆಮೇಲೆ ಎಲ್ಲವನ್ನೂ "ಕೋಡಿಗಿಂತ ಇಷ್ಟು ಅಡಿ ಕೆಳಗೆ" ಎಂದು ಬರೆದರೆ ರೈತರಿಗೂ ಅರ್ಥವಾಗುತ್ತದೆ, ಇಂಜಿನಿಯರಿಗೂ ಉಪಯೋಗವಾಗುತ್ತದೆ.

ಮಟ್ಟದಿಂದ ಟಿಎಂಸಿಗೆ

ಒಂದು ಟಿಎಂಸಿ ಎಂದರೆ 28.317 ದಶಲಕ್ಷ ಘನಮೀಟರ್. ಸೂಳೆಕೆರೆ ತುಂಬಿದಾಗ 26 ಚದರ ಕಿ.ಮೀ. ಎಂದು ಹಿಡಿದರೆ, ಆ ಮಟ್ಟದಲ್ಲಿ ಒಂದು ಮೀಟರ್ ಎಂದರೆ ಸುಮಾರು 0.92 ಟಿಎಂಸಿ. ಹತ್ತು ಸೆಂಟಿಮೀಟರ್ ತಪ್ಪಿದರೆ ಟಿಎಂಸಿಯ ಹತ್ತನೇ ಒಂದು ಭಾಗಕ್ಕೆ ಹತ್ತಿರ. ವರದಿಯಲ್ಲಿ ಟಿಎಂಸಿಯನ್ನು ಮೂರು ದಶಾಂಶಕ್ಕೆ ಬರೆಯುವ ಮುನ್ನ ಇದನ್ನು ನೆನಪಿಸಿಕೊಳ್ಳಿ.

ಮಟ್ಟ ಇಳಿದಂತೆ ವಿಸ್ತೀರ್ಣವೂ ಇಳಿಯುವುದರಿಂದ ಎರಡು ದಿನದ ವಿಸ್ತೀರ್ಣ ಬೇಕು. ಎರಡನ್ನೂ ಕೂಡಿ, ಅವುಗಳ ಗುಣಲಬ್ಧದ ವರ್ಗಮೂಲವನ್ನು ಸೇರಿಸಿ, ಮೂರರಿಂದ ಭಾಗಿಸಿ, ಮಟ್ಟದ ವ್ಯತ್ಯಾಸದಿಂದ ಗುಣಿಸಿ. 26 ಚದರ ಕಿ.ಮೀ. 22ಕ್ಕೆ ಇಳಿದು ಮಟ್ಟ 1.2 ಮೀಟರ್ ಕುಸಿದರೆ: 26, 22, 23.92 ಸೇರಿ 71.92. ಮೂರರಿಂದ ಭಾಗಿಸಿ 1.2ರಿಂದ ಗುಣಿಸಿದರೆ 28.77 ದಶಲಕ್ಷ ಘನಮೀಟರ್, ಅಂದರೆ 1.02 ಟಿಎಂಸಿ. ಇದು ಕಡಿಮೆಯಾದ ನೀರು ಮಾತ್ರ. ತೂಬಿನಿಂದ ಹೋದದ್ದೆಷ್ಟು, ಆವಿಯಾದದ್ದೆಷ್ಟು, ಕುಡಿಯಲು ಎತ್ತಿದ್ದೆಷ್ಟು ಎಂದು ಉಪಗ್ರಹ ಬಿಡಿಸಿ ಹೇಳುವುದಿಲ್ಲ.

ಒಣಗಿದ ಕೆರೆಯನ್ನೂ ಬಿಡಬೇಡಿ

ಚಳ್ಳಕೆರೆ, ಜಗಳೂರು ಕಡೆಯ ಕೆರೆಗಳು ವರ್ಷಗಟ್ಟಲೆ ಬತ್ತಿರುವುದುಂಟು. ಆಗಲೂ ಫೈಲಿನಲ್ಲಿ ಎತ್ತರ ಬರುತ್ತಲೇ ಇರುತ್ತದೆ. ಅದು ಕೆರೆಯಂಗಳದ್ದು, ಇಲ್ಲವೇ ಅಲ್ಲಿ ಬೆಳೆದ ಬಳ್ಳಾರಿ ಜಾಲಿಯ ನೆತ್ತಿಯದು. ವಿಸ್ತೀರ್ಣ ಸೊನ್ನೆಯಿದ್ದ ದಿನದ ಎತ್ತರವನ್ನು ನೀರಿನ ಸರಣಿಯಿಂದ ಬೇರ್ಪಡಿಸಿ, ಎಸೆಯಬೇಡಿ, ಬೇರೆ ಫೋಲ್ಡರಿಗೆ ಹಾಕಿ. ಬತ್ತಿದ ಕೆರೆಯ ಮೇಲೆ ಹಾಯ್ದ ಲೇಸರ್ ಗೆರೆ ಎಂದರೆ ಕೆರೆಯಂಗಳದ ಅಡ್ಡಕೊಯ್ತ ಪುಕ್ಕಟೆಯಾಗಿ ಸಿಕ್ಕಂತೆ. ಎಟಿಎಲ್03ರಿಂದ ಅತಿ ಕೆಳಗಿನ ದಟ್ಟ ಗೆರೆಯನ್ನು ನೆಲ ಎಂದು ಹಿಡಿದು ಜಾಲಿಯನ್ನು ಬಿಡಿ. ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಜಾಗದಲ್ಲಿ ಬಿದ್ದ ಗೆರೆಗಳನ್ನು ಕೂಡಿಸಿ. ಸೆಂಟಿನೆಲ್-2ರ ಹಳೆಯ ಚಿತ್ರಗಳಲ್ಲಿ ಆಯಾ ದಿನದ ನೀರಿನ ಅಂಚು ಈ ಗೆರೆಗಳನ್ನು ಎಲ್ಲಿ ಕತ್ತರಿಸುತ್ತದೋ ಅಲ್ಲಿನ ನೆಲದ ಎತ್ತರವೇ ಆ ದಿನದ ನೀರಿನ ಮಟ್ಟ. ಹೀಗೆ ಯಾವ ಆಲ್ಟಿಮೀಟರೂ ಹಾಯದ ದಿನದ ಮಟ್ಟವೂ ಕೈಗೆ ಬರುತ್ತದೆ. ಈ ಲೆಕ್ಕ ಲೇಸರ್ ಗೆರೆ ಬಿದ್ದ ಮೇಲೆ ಹೂಳೆತ್ತದ ಕೆರೆಗೆ ಮಾತ್ರ. ಜೆಸಿಬಿ ಇಳಿದ ಕೆರೆಗೆ ಅಂದಿನಿಂದ ಹೊಸ ಗೆರೆಗಾಗಿ ಕಾಯಬೇಕು.